ರೈಲಿನ ಹೊಟ್ಟೆ

ನಾನು ಚಿಕ್ಕವನಿದ್ದಾಗ ನಮ್ಮ ಪಾಣೆಮಂಗಳೂರಿಗೆ ರೈಲು ಇರಲಿಲ್ಲ. ಬಂಟ್ವಾಳಕ್ಕೂ ಇರಲಿಲ್ಲ, ಬೆಳ್ತಂಗಡಿ, ಮೂಡುಬಿದಿರೆಯ ಮಾತಂತೂ ಕೇಳುವುದೇ ಬೇಡ. ರೈಲು ನೋಡಬೇಕಾದರೆ ಮಂಗಳೂರಿಗೇ ಹೋಗಬೇಕಿತ್ತು. ನಮ್ಮ ಪಾಲಿಗೆ ಮಂಗಳೂರು ಎಂದರೆ ಬಹಳ ದೊಡ್ಡ ಪೇಟೆ. ನೀವು ಈಗ ಮುಂಬಯಿ, ಬೆಂಗಳೂರು ಎಂದು ಹೇಳುತ್ತೀರಲ್ಲ, ಹಾಗೆ. ಅಲ್ಲಿಗೆ ಹೋಗಿ ಬಂದವರು ವಾರಗಟ್ಟಲೆ ಅಲ್ಲಿಯ ಕತೆ ಹೇಳುತ್ತಿದ್ದರು. ಹೋಗದವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ನಮ್ಮ ಮನೆ ನೇತ್ರಾವತಿಯ ದಡದಲ್ಲೇ ಇತ್ತು. ಅಪ್ಪ ದೋಣಿ ನಡೆಸುತ್ತಿದ್ದರು. ಅಮ್ಮನ ತಮ್ಮ, ಅಂದರೆ ನನ್ನ ಮಾವ, ಅವರ ಜೊತೆಗಾರ. ಕಟ್ಟಿಗೆ, ಅಡಿಕೆ ಮೂಟೆಗಳನ್ನು ತುಂಬಿಕೊಂಡು ಹೊಳೆಯ ಹರಿವಿನ ಜೊತೆ ಮಂಗಳೂರಿನ ಬಂದರಿಗೆ ಇಳಿಯುವುದು, ಅಲ್ಲಿಂದ ಉಪ್ಪು, ಒಣಮೀನು ತುಂಬಿಕೊಂಡು ಹಿಂದಕ್ಕೆ ಬರುವುದು, ಇದು ಅವರ ಕೆಲಸ. ಹಿಂದಕ್ಕೆ ಬರುವಾಗ ಹರಿವಿಗೆ ಎದುರಾಗಿ ಬರಬೇಕಲ್ಲ? ಅದಕ್ಕೆ ಕಡಲಿನ ಗಾಳಿ ಸಹಾಯಕ್ಕಿತ್ತು. ಮಧ್ಯಾಹ್ನ ಕಳೆದ ಮೇಲೆ ಪಡುವಣ ಗಾಳಿ ಏಳುತ್ತದೆ. ಆಗ ಹಾಯಿ ಬಿಚ್ಚಿದರೆ ದೋಣಿ ತಾನಾಗಿ ಮೇಲಕ್ಕೆ ಸಾಗುತ್ತದೆ. ಸೂರ್ಯ ಮುಳುಗಿದ ಮೇಲೆ ಗಾಳಿಯೂ ಬಿದ್ದುಹೋಗುತ್ತದೆ. ಆಮೇಲೆ ಉದ್ದದ ಬಿದಿರಿನ ಗಳವನ್ನು ಹೊಳೆಯ ತಳಕ್ಕೆ ಊರಿ ಊರಿ, ಮೈಯ ಬಲದಿಂದಲೇ ದೋಣಿಯನ್ನು ತಳ್ಳಬೇಕು. ಈ ಗಾಳಿಯ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವರ್ಷ ಶಾಲೆಯಿಂದ ಮಕ್ಕಳನ್ನೆಲ್ಲ ಮಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಅಕ್ಕನಿಗೆ ಆಗಲೇ ಜ್ವರ ಬರಬೇಕೆ? ಅವಳು ಗಂಜಿ ಕುಡಿದು ಚಾಪೆಯ ಮೇಲೆ ಮಲಗಿದ್ದಾಗ ಅವಳ ತರಗತಿಯ ಹುಡುಗಿಯರೆಲ್ಲ ರೈಲು ನೋಡಿ ಬಂದರು. ಬಂದವರು ಸುಮ್ಮನಿದ್ದರೆ? ಶಾಲೆಯ ಅಂಗಳದಲ್ಲಿ ಹೊಸ ಆಟವನ್ನೇ ಶುರುಮಾಡಿದರು. ಒಬ್ಬಳ ಲಂಗ ಇನ್ನೊಬ್ಬಳು ಹಿಡಿದು, ಮುಂದಿನವಳು ಕೂ ಎಂದು ಕೂಗಿ, ಸಾಲಾಗಿ ಓಡುವ ರೈಲಿನ ಆಟ. ಅಕ್ಕ ಸೇರಲು ಹೋದರೆ, "ನೀನು ರೈಲು ನೋಡ್ಲಿಲ್ಲ, ನಿನಗೆ ಗೊತ್ತಾಗುದಿಲ್ಲ" ಎಂದು ಕೈ ಬಿಡಿಸಿಕೊಂಡರಂತೆ. ಅಂದಿನಿಂದ ಅಕ್ಕನಿಗೆ ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಶಾಲೆಯ ಗಂಟೆ ಬಾರಿಸಿದ ಮೇಲೆ ನೋವು ತಾನಾಗಿ ಗುಣವಾಗುತ್ತಿತ್ತು.

ಅಮ್ಮ ಜೀರಿಗೆ ಕಷಾಯ ಕುಡಿಸಿದರು. ಅಪ್ಪ ಅಕ್ಕನ ಎದುರು ಕುಕ್ಕುರುಗಾಲಿನಲ್ಲಿ ಕುಳಿತು ವಿಷಯ ಏನೆಂದು ಕೇಳಿದರು. ಅಕ್ಕ ಹೇಳಿಬಿಟ್ಟಳು.

"ಅಷ್ಟೇಯಾ? ನಾನು ತೋರಿಸ್ತೇನೆ ರೈಲು" ಎಂದರು ಅಪ್ಪ. "ಅವರು ನೋಡಿದ್ದಕ್ಕಿಂತ ಹೆಚ್ಚು ತೋರಿಸ್ತೇನೆ. ಒಂದು ಬಿಡಿ ಕಾಸು ಖರ್ಚಿಲ್ಲದೆ. ಮಂಗಳೂರು ನನ್ನ ಅಂಗೈಯಲ್ಲಿ ಉಂಟು."

ನಮ್ಮ ಅಪ್ಪ ಹಾಗೆಯೇ. ಅವರ ಕೈಯಲ್ಲಿ ದುಡ್ಡು ನಿಂತದ್ದನ್ನು ನಾನು ಕಾಣೆ, ಆದರೆ ಧೈರ್ಯಕ್ಕೆ ಯಾವತ್ತೂ ಬರಗಾಲ ಇರಲಿಲ್ಲ. ಅಕ್ಕ ಹೋಗುವುದಾದರೆ ನಾನೂ ಹೋಗಬೇಕೆಂದು ಕಂಬ ಹಿಡಿದುಕೊಂಡು ಅತ್ತೆ. ನನ್ನನ್ನೂ ಸೇರಿಸಿಕೊಂಡರು.

ಕೋಳಿ ಕೂಗುವ ಮೊದಲೇ ದೋಣಿ ಹೊರಟಿತು. ಹೊಳೆಯ ಮೇಲೆಲ್ಲ ಮಂಜು. ಅಡಿಕೆ ಮೂಟೆಗಳ ನಡುವೆ ಗೋಣಿ ಹಾಸಿ ನಮ್ಮನ್ನು ಮಲಗಿಸಿದ್ದರು. ಒದ್ದೆ ಕಟ್ಟಿಗೆಯ ವಾಸನೆ, ದೋಣಿಯ ಪಕ್ಕಕ್ಕೆ ನೀರು ಬಡಿಯುವ ಸದ್ದು, ಮಾವನ ಬೀಡಿಯ ಕೆಂಪು ಚುಕ್ಕಿ, ಇಷ್ಟು ನೆನಪಿದೆ. ಎಲ್ಲವನ್ನೂ ನೋಡಬೇಕೆಂದು ಕಣ್ಣು ಬಿಟ್ಟುಕೊಂಡೇ ಇದ್ದೆ, ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ. ಎಚ್ಚರವಾದಾಗ ಬಿಸಿಲು ಏರಿತ್ತು, ದೋಣಿ ಬಂದರಿನಲ್ಲಿ ನಿಂತಿತ್ತು, ಸುತ್ತಲೂ ಗಲಾಟೆಯೋ ಗಲಾಟೆ.

ಸರಕು ಇಳಿಸಿ ಮುಗಿದದ್ದೇ ಅಪ್ಪ ಹೆಗಲಿಗೆ ಬೈರಾಸು ವಸ್ತ್ರ ಹಾಕಿಕೊಂಡರು. ಉಪ್ಪು ತುಂಬಿಸುವ ಕೆಲಸವನ್ನು ಮಾವನಿಗೆ ಒಪ್ಪಿಸಿ, ನಮ್ಮ ಕೈ ಹಿಡಿದುಕೊಂಡು ಮಂಗಳೂರು ತೋರಿಸಲು ಹೊರಟರು. "ಗಾಳಿ ಏಳುವಾಗ ಇಲ್ಲಿ ಇರ್ಬೇಕು ಭಾವ" ಎಂದು ಮಾವ ಹಿಂದಿನಿಂದ ಕೂಗಿದರು. ಅಪ್ಪ ತಿರುಗದೆಯೇ ಕೈ ಆಡಿಸಿದರು.

ದುಡ್ಡಿಲ್ಲದೆ ಪೇಟೆ ನೋಡುವುದು ಒಂದು ವಿದ್ಯೆ, ಮಕ್ಕಳೇ. ಅಪ್ಪನಿಗೆ ಅದು ಚೆನ್ನಾಗಿ ಬರುತ್ತಿತ್ತು. ಮೊದಲು ಒಂದು ಸೋಡದ ಅಂಗಡಿಯ ಎದುರು ನಿಲ್ಲಿಸಿದರು. ಕುಡಿಯಲು ಅಲ್ಲ, ಕೇಳಲು. ಅಂಗಡಿಯವನು ಬಾಟ್ಲಿಯ ಬಾಯಿಯ ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಕೀಂಯ್ ಎಂದು ಸದ್ದಾಗಿ ನೊರೆ ಉಕ್ಕಿತು. ಇನ್ನೊಬ್ಬರು ಬಂದರು, ಮತ್ತೊಂದು ಬಾಟ್ಲಿ ಕೂಗಿತು. ಕುಡಿದವರಿಗೆ ಒಂದೇ ಸಲ ಸಿಕ್ಕಿದ ಆ ಸದ್ದನ್ನು ನಾವು ಸಾಕೆನ್ನುವಷ್ಟು ಕೇಳಿದೆವು. ಆಮೇಲೆ ಸಿನಿಮಾ ಮಂದಿರ. ಹೊರಗೆ ಗೋಡೆಯಷ್ಟು ದೊಡ್ಡ ಚಿತ್ರ ಕಟ್ಟಿದ್ದರು. ಅಪ್ಪ ಅದರ ಕೆಳಗೆ ನಮ್ಮನ್ನು ನಿಲ್ಲಿಸಿ, ಒಂದೊಂದೇ ಮುಖಕ್ಕೆ ಬೆರಳು ತೋರಿಸುತ್ತ ಇಡೀ ಕತೆ ಹೇಳಿದರು. ಈ ಮೀಸೆಯವ ಕೆಟ್ಟವ. ಈ ಅಳುವವಳು ಒಳ್ಳೆಯವಳು. ಇವ ಅವಳ ಅಣ್ಣ, ಕುದುರೆಯಲ್ಲಿ ಬಂದು ಬಿಡಿಸುತ್ತಾನೆ.

"ಅಣ್ಣ ಅಲ್ಲ ಮಾರಾಯ್ರೆ, ಗಂಡ" ಎಂದು ಟಿಕೇಟಿನ ಸಾಲಿನಲ್ಲಿದ್ದವರೊಬ್ಬರು ಹೇಳಿದರು.

"ಗಂಡ ಆದ್ರೆ ಅವಳು ಯಾಕೆ ಅಷ್ಟು ಅಳ್ತಾಳೆ?" ಎಂದರು ಅಪ್ಪ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಟಿಕೇಟು ಕೊಟ್ಟು ಒಳಗೆ ಹೋದವರಿಗೆ ಅದಕ್ಕಿಂತ ಒಳ್ಳೆಯ ಕತೆ ಸಿಕ್ಕಿರಲಿಕ್ಕಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅಲ್ಲಿಂದ ದೀಪಸ್ತಂಭದ ಗುಡ್ಡೆ ಹತ್ತಿದೆವು. ಮೇಲಿನಿಂದ ಹೆಂಚಿನ ಮಾಡುಗಳು, ತೆಂಗಿನ ತಲೆಗಳು, ಅವುಗಳ ಆಚೆ ಕಡಲು. ಅಮ್ಮ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಕುಚ್ಚಲಕ್ಕಿ ಅನ್ನ ಮತ್ತು ಒಣಮೀನಿನ ಚಟ್ನಿಯನ್ನು ಅಲ್ಲಿಯೇ ನೆರಳಿನಲ್ಲಿ ಕುಳಿತು ಉಂಡೆವು. ಚಟ್ನಿ ಖಾರವಾಗಿತ್ತು. ನೀರಿನ ಚೊಂಬು ದೋಣಿಯಲ್ಲೇ ಉಳಿದಿತ್ತು.

ಅಕ್ಕನದು ಮಾತ್ರ ಬೆಳಿಗ್ಗೆಯಿಂದ ಒಂದೇ ಪಾಠ. "ರೈಲು ಯಾವಾಗ ಅಪ್ಪ?"

"ಈಗ ಅಲ್ಲಿಗೇ ಹೋಗುದು. ಮಧ್ಯಾಹ್ನದ ರೈಲು ನಿಲ್ದಾಣದಲ್ಲಿ ನಿಂತಿರ್ತದೆ. ಬೇಲಿಯ ಹೊರಗೆ ನಿಂತು ಬೇಕಾದಷ್ಟು ನೋಡುವ."

ಗುಡ್ಡೆ ಇಳಿದು ನಿಲ್ದಾಣದ ಕಡೆ ನಡೆಯುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ನನ್ನ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ನೀರು ಬೇಕೆಂದು ನಾನು ರಾಗ ಎಳೆದೆ. ಅಪ್ಪ ಆಚೀಚೆ ನೋಡಿದರು. ರಸ್ತೆಯ ಬದಿಯಲ್ಲೇ ಒಂದು ದೊಡ್ಡ ಹೆಂಚಿನ ಮನೆ, ಅದಕ್ಕೆ ಉದ್ದನೆಯ ಜಗಲಿ, ಜಗಲಿಯ ಬೆಂಚಿನಲ್ಲಿ ನಾಲ್ಕಾರು ಜನ ಕುಳಿತಿದ್ದರು.

ಇಲ್ಲಿ ನಮ್ಮ ಊರಿನ ಒಂದು ಕ್ರಮ ಹೇಳಬೇಕು. ನಮ್ಮಲ್ಲಿ ಯಾರ ಮನೆಯ ಜಗಲಿ ಹತ್ತಿ ಕುಳಿತರೂ, ಗುರುತಿರಲಿ ಇಲ್ಲದಿರಲಿ, ಮೊದಲು ಒಂದು ತುಂಡು ಬೆಲ್ಲ ಮತ್ತು ಒಂದು ಚೊಂಬು ನೀರು ತಂದು ಇಡುತ್ತಾರೆ. ಆಮೇಲೆಯೇ ಯಾರು, ಎಲ್ಲಿಂದ, ಏನು ಎಂಬ ಮಾತು. ಕುಳಿತವರೂ ಬೆಲ್ಲ ನೀರು ಮುಟ್ಟದೆ ಎದ್ದು ಹೋಗುವಂತಿಲ್ಲ, ಹೋದರೆ ಮನೆಯವರಿಗೆ ಅವಮಾನ. ಪೇಟೆಯಲ್ಲಿ ಜಗಲಿಗಳು ಬೇರೆ ಬೇರೆ ಕೆಲಸಕ್ಕೂ ಇರುತ್ತವೆ ಎಂಬುದು ಅಪ್ಪನಿಗೆ ಹೊಳೆಯಲೇ ಇಲ್ಲ. ಬಂದರಿನ ಮಂಗಳೂರು ಅವರಿಗೆ ಗೊತ್ತಿತ್ತು, ಮನೆಗಳ ಮಂಗಳೂರು ಗೊತ್ತಿರಲಿಲ್ಲ. ಬಾಗಿಲಿನ ಮೇಲೆ ಏನೋ ಬರೆದಿತ್ತು, ಇಂಗ್ಲಿಷಿನಲ್ಲಿ.

"ಬನ್ನಿ, ಕೂತ್ಕೊಳ್ಳುವ" ಎಂದು ಅಪ್ಪ ನಮ್ಮನ್ನು ಮೆಟ್ಟಿಲು ಹತ್ತಿಸಿದರು.

ಒಳಗಿನಿಂದ ಬಿಳಿ ಅಂಗಿಯವನೊಬ್ಬ ಬಂದು ಹೆಸರು ಕೇಳಿದ. ಅಪ್ಪ ಖುಷಿಯಿಂದ ತಮ್ಮ ಹೆಸರು, ಊರಿನ ಹೆಸರು, ನಮ್ಮಿಬ್ಬರ ಹೆಸರು ಎಲ್ಲ ಹೇಳಿದರು. "ಕೂತಿರಿ, ಕರೀತಾರೆ" ಎಂದು ಹೇಳಿ ಅವನು ಒಳಗೆ ಹೋದ.

"ನೋಡಿದಿರಾ? ಪೇಟೆಯವರಿಗೂ ಮರ್ಯಾದೆ ಗೊತ್ತುಂಟು" ಎಂದು ಅಪ್ಪ ನಮ್ಮ ಕಿವಿಯಲ್ಲಿ ಹೇಳಿದರು.

ಬೆಂಚಿನಲ್ಲಿದ್ದವರಲ್ಲಿ ಒಬ್ಬರು ಬಿಡದೆ ಕೆಮ್ಮುತ್ತಿದ್ದರು. ಇನ್ನೊಬ್ಬರ ಕೈಗೆ ಬಟ್ಟೆ ಸುತ್ತಿತ್ತು. ಮೂಗಿಗೆ ಹೊಡೆಯುವ ಎಂಥದೋ ವಾಸನೆ ಒಳಗಿನಿಂದ ಬರುತ್ತಿತ್ತು. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಹೊತ್ತು ಹೋಗುತ್ತಿತ್ತು. ಅಕ್ಕ ಅಪ್ಪನ ಬೈರಾಸಿನ ಚುಂಗು ಎಳೆದು, "ಅಪ್ಪಾ, ಹೋಗುವ. ನನಗೆ ನೀರು ಬೇಡ" ಎಂದಳು.

"ಹಾಗೆ ಎದ್ದು ಹೋಗ್ಬಾರದು ಮಗಾ. ಹೆಸರು ಸಹ ಕೇಳಿ ಆಗಿದೆ. ಮನೆಯವರಿಗೆ ಬೇಸರ ಆಗ್ತದೆ."

ಕೊನೆಗೆ ನಮ್ಮನ್ನೂ ಕರೆದರು. ಒಳಗೆ ಮೇಜಿನ ಹಿಂದೆ ಕನ್ನಡಕದ ಹಿರಿಯರೊಬ್ಬರು ಕುಳಿತಿದ್ದರು. ಅವರ ಕೊರಳಲ್ಲಿ ರಬ್ಬರಿನ ಕೊಳವೆ ನೇತಾಡುತ್ತಿತ್ತು. ಮುಂದಿನ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

"ಯಾರಿಗೆ? ಏನು ತೊಂದರೆ?" ಎಂದು ಅವರು ಕೇಳಿದರು.

"ತೊಂದರೆ ಏನೂ ಇಲ್ಲ ಸ್ವಾಮಿ. ಮೂವರಿಗೂ ಬಾಯಾರಿಕೆ" ಎಂದರು ಅಪ್ಪ.

ಅವರ ಹುಬ್ಬು ಗಂಟಿಕ್ಕಿತು. "ಮೂವರಿಗೂ? ಎಷ್ಟು ದಿನದಿಂದ?"

"ಊಟ ಆದ ಮೇಲೆ ಸ್ವಾಮಿ."

"ರಾತ್ರಿ ಎದ್ದು ಎದ್ದು ನೀರು ಕುಡೀತೀರಾ?"

"ಇಲ್ಲ ಸ್ವಾಮಿ. ರಾತ್ರಿಗೆ ನಾವು ನಮ್ಮ ಮನೆಗೆ ಹೋಗ್ತೇವೆ. ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಟ್ರೆ ಈಗಲೇ ಹೊರಡ್ತೇವೆ."

ಡಾಕ್ಟರು ಅಪ್ಪನನ್ನು ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಕನ್ನಡಕ ತೆಗೆದಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಮಾರಾಯ್ರೆ! ಇಷ್ಟು ವರ್ಷದಲ್ಲಿ ಈ ಕೋಣೆಗೆ ಬೆಲ್ಲ ಕೇಳಿಕೊಂಡು ಬಂದವರು ನೀವೇ ಮೊದಲು. ಬಂದವರಿಗೆಲ್ಲ ನಾನು ಕಹಿಯೇ ಕುಡಿಸಿದ್ದು" ಎಂದು ಹೇಳಿ ಮನೆಯೊಳಕ್ಕೆ ಕೂಗಿದರು. ಹೊಳೆಯುವ ತಟ್ಟೆಯಲ್ಲಿ ಬೆಲ್ಲ ಬಂತು, ಹೂಜಿಯ ತಣ್ಣಗಿನ ನೀರು ಬಂತು. ಅಪ್ಪನಿಗೆ ತಾವು ಕುಳಿತದ್ದು ಎಲ್ಲಿ ಎಂದು ಆಗ ಅರ್ಥವಾಯಿತು. ಆದರೂ ಅವರು ತಬ್ಬಿಬ್ಬಾಗಲಿಲ್ಲ. "ಮನೆ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು" ಎಂದು ಕೈಮುಗಿದರು. ನಾನು ಎರಡನೆಯ ಲೋಟ ಬಾಯಿಗಿಟ್ಟಿದ್ದೆ. ಆಗ ಹೊರಗೆ ಎಲ್ಲೋ ಹತ್ತಿರದಲ್ಲೇ ಉದ್ದನೆಯ ಒಂದು ಕೂಗು ಕೇಳಿಸಿತು.

ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಶಾಲೆಯ ಅಂಗಳದಲ್ಲಿ ಅಕ್ಕ ಅದನ್ನು ದಿನಾಲೂ ಕೇಳಿದ್ದಳು. ಅವಳು ಲೋಟ ಕೆಳಗಿಟ್ಟು ಓಡಿದಳು. ಅವಳ ಹಿಂದೆ ಅಪ್ಪ, ಅಪ್ಪನ ಹಿಂದೆ ನಾನು.

ನಿಲ್ದಾಣದ ಬೇಲಿಗೆ ನಾವು ಮುಖ ಒತ್ತಿ ನಿಂತಾಗ ಅಲ್ಲಿ ಎರಡು ಸಾಲು ಕಬ್ಬಿಣವಿತ್ತು, ಮೇಲೆ ತೆಳ್ಳಗಾಗುತ್ತಿದ್ದ ಹೊಗೆ ಇತ್ತು. ರೈಲು ಇರಲಿಲ್ಲ.

"ಈಗಷ್ಟೇ ಹೋಯ್ತಲ್ಲ" ಎಂದರು ತಳ್ಳುಗಾಡಿಯ ಮೇಲೆ ಕುಳಿತಿದ್ದ ಕೂಲಿಯವರು. "ಇನ್ನು ಬರುದು ದೀಪ ಹಚ್ಚುವ ಹೊತ್ತಿಗೆ."

ದೀಪ ಹಚ್ಚುವವರೆಗೆ ನಾವು ನಿಲ್ಲುವಂತಿರಲಿಲ್ಲ. ತೆಂಗಿನ ಗರಿಗಳು ಆಗಲೇ ಮೂಡು ದಿಕ್ಕಿಗೆ ಬಾಗುತ್ತಿದ್ದವು. ಪಡುವಣ ಗಾಳಿ ಎದ್ದಿತ್ತು. ಬಂದರಿನಲ್ಲಿ ಮಾವ ಉಪ್ಪಿನ ಮೂಟೆ ತುಂಬಿಸಿ ಕಾಯುತ್ತಿದ್ದರು.

ಅಕ್ಕ ಅಳಲಿಲ್ಲ. ಅತ್ತಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತು. "ಹೋಗುವ ಅಪ್ಪ" ಎಂದಳು, ಅಷ್ಟೇ. ನನಗೆ ನನ್ನ ಬಾಯಾರಿಕೆಯ ಮೇಲೆಯೇ ಸಿಟ್ಟು ಬಂತು. ಬೆಳಿಗ್ಗೆಯಿಂದ ನಮ್ಮ ಮುಂದೆ ಮುಂದೆ ನಡೆದಿದ್ದ ಅಪ್ಪ ಬಂದರಿನವರೆಗೂ ನಮ್ಮ ಹಿಂದೆ ನಡೆದರು.

ದೋಣಿ ಹೊರಟಿತು. ಹಾಯಿ ತುಂಬಿ ನಿಂತಿತ್ತು. ಅಪ್ಪ ಚುಕ್ಕಾಣಿ ಹಿಡಿದು ಕುಳಿತಿದ್ದರು. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ತಿರುಗಿ ನೇತ್ರಾವತಿಗೆ ಬಂದು ಸ್ವಲ್ಪ ದೂರ ಹೋದ ಮೇಲೆ ಎದುರಿಗೆ ಹೊಳೆಗೆ ಅಡ್ಡಲಾಗಿ ಒಂದು ಉದ್ದದ ಕಬ್ಬಿಣದ ಸೇತುವೆ ಕಾಣಿಸಿತು. ಬೆಳಿಗ್ಗೆ ನಾವು ಅದರ ಅಡಿಯಲ್ಲೇ ಬಂದಿದ್ದೆವು, ಆದರೆ ಆಗ ಗೋಣಿಯ ಮೇಲೆ ಗೊರಕೆ ಹೊಡೆಯುತ್ತಿದ್ದೆವಲ್ಲ. ಸೇತುವೆಯ ಕೆಳಗೆ ನುಸುಳಲು ಮಾವ ಹಾಯಿ ಇಳಿಸಿ, ಹಾಯಿಮರ ಮಲಗಿಸಿದರು.

ಅಕ್ಕ ತಲೆಯೆತ್ತಿ ನೋಡಿದಳು. ಕಂಬದಿಂದ ಕಂಬಕ್ಕೆ ದಪ್ಪ ತೊಲೆಗಳು, ಅವುಗಳ ಮೇಲೆ ಅಡ್ಡಡ್ಡ ಮರದ ದಿಮ್ಮಿಗಳು, ದಿಮ್ಮಿಗಳ ನಡುವೆ ಆಕಾಶದ ಪಟ್ಟಿಗಳು.

"ಅಪ್ಪಾ, ಇದರ ಮೇಲೆ ಎಂತದು ಹೋಗುದು?"

ಅಪ್ಪ ತಾವೂ ತಲೆಯೆತ್ತಿ ಮೇಲೆ ನೋಡಿದರು. ಎಷ್ಟೋ ವರ್ಷದಿಂದ ಅವರು ಆ ಸೇತುವೆಯ ಅಡಿಯಲ್ಲಿ ಹೋಗಿ ಬರುತ್ತಿದ್ದರು. ಮೇಲೆ ರೈಲು ಹೋದರೆ ಕಿವಿ ಮುಚ್ಚಿಕೊಂಡು, ಮಸಿ ಬೀಳುತ್ತದೆಂದು ತಲೆಗೆ ಬೈರಾಸು ಹಾಕಿಕೊಳ್ಳುತ್ತಿದ್ದರಂತೆ. ಅದು ರೈಲು ನೋಡುವ ಜಾಗ ಎಂದು ಅವರಿಗೆ ತೋಚಿರಲೇ ಇಲ್ಲ. ರೈಲು ನೋಡುವುದು ನಿಲ್ದಾಣದಲ್ಲಿ, ಎಲ್ಲರೂ ಅಲ್ಲಿಯೇ ನೋಡುವುದು ಎಂದು ತಿಳಿದಿದ್ದರು.

ಅವರು ಹಣೆಗೆ ಪಟ್ಟನೆ ಹೊಡೆದುಕೊಂಡರು. ಮರುಗಳಿಗೆಯಲ್ಲಿ ಎದ್ದು ಗಳವನ್ನು ಹೊಳೆಯ ತಳಕ್ಕೆ ಊರಿ, ದೋಣಿಯನ್ನು ಸೇತುವೆಯ ಅಡಿಯಲ್ಲೇ ನಿಲ್ಲಿಸಿದರು.

"ಎಂತ ಮಾಡ್ತೀರಿ ಭಾವ? ಗಾಳಿ ಉಂಟು, ಹೋಗುವ" ಎಂದರು ಮಾವ.

"ರೈಲು ಬರ್ಲಿಕ್ಕುಂಟು."

"ಅದು ಬರುವಾಗ ಸೂರ್ಯ ಮುಳುಗ್ತದೆ. ಗಾಳಿ ಬಿದ್ದ ಮೇಲೆ ಈ ಉಪ್ಪಿನ ಭಾರ ಹೊತ್ತುಕೊಂಡು ಪಾಣೆಮಂಗಳೂರಿನವರೆಗೆ ಗಳ ಹಾಕುದು ಯಾರು?"

"ನಾನು" ಎಂದರು ಅಪ್ಪ.

ಮಾವ ಏನೋ ಗೊಣಗಿದರು. ಆದರೆ ಇನ್ನೊಂದು ಗಳ ತೆಗೆದುಕೊಂಡು ದೋಣಿಯ ಆ ಬದಿಗೆ ತಾವೂ ಊರಿ ಹಿಡಿದರು.

ನಾವು ಕಾದೆವು. ಒಂದೊಂದೇ ದೋಣಿ ಹಾಯಿ ಇಳಿಸಿ ನಮ್ಮನ್ನು ದಾಟಿ, ಮತ್ತೆ ಹಾಯಿ ಏರಿಸಿ ಮೇಲಕ್ಕೆ ಹೋಯಿತು. ಎಂತ ಆಯ್ತೆಂದು ಅವರೆಲ್ಲ ಕೂಗಿ ಕೇಳಿದರು. "ಎಂತ ಇಲ್ಲ, ರೈಲು ನೋಡ್ಲಿಕ್ಕೆ" ಎಂದು ಅಪ್ಪ ಗಟ್ಟಿಯಾಗಿ ಹೇಳಿದರು. ನೀರು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಅಪ್ಪನ ತೋಳಿನ ನರಗಳು ಉಬ್ಬಿ ನಿಂತಿದ್ದವು. ಕೆನ್ನೆಗೆ ತಾಗುತ್ತಿದ್ದ ಗಾಳಿ ಮೆಲ್ಲನೆ ಸತ್ತುಹೋಗುವುದು ನನಗೂ ಗೊತ್ತಾಯಿತು. ಅಕ್ಕ ಕತ್ತು ಕೆಳಗೆ ಮಾಡಲಿಲ್ಲ.

ಮೊದಲು ಕಂಬ ನಡುಗಿತು. ಕಂಬದ ಸುತ್ತಲಿನ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳೆದ್ದವು. ಆಮೇಲೆ ಆ ಕೂಗು, ಮಧ್ಯಾಹ್ನ ಕೇಳಿದ್ದೇ, ಆದರೆ ಈ ಸಲ ನಮ್ಮ ಕಡೆಗೇ ಬರುತ್ತಿತ್ತು. ಅಷ್ಟರಲ್ಲಿ ನಮ್ಮ ತಲೆಯ ಮೇಲೆ ಇಡೀ ಆಕಾಶವೇ ಕಬ್ಬಿಣವಾಗಿ ಗುಡುಗಿತು. ದಿಮ್ಮಿಗಳ ಸಂದಿಯಲ್ಲಿ ಕಂಡಿತು, ಮಕ್ಕಳೇ, ಇಂಜಿನಿನ ಹೊಟ್ಟೆ! ಒಳಗೆ ಧಗಧಗ ಉರಿಯುವ ಬೆಂಕಿಯ ಬೆಳಕು, ಅತ್ತಿತ್ತ ಜಗ್ಗುವ ಉದ್ದನೆಯ ಕೈಗಳು, ಬುಸುಗುಡುವ ಹಬೆ. ಅದರ ಹಿಂದೆ ಡಬ್ಬಿಗಳು, ಅವುಗಳ ಚಕ್ರಗಳು, ಸರಪಳಿಗಳು. ಬೆಚ್ಚಗಿನ ನೀರಿನ ಹನಿಗಳು ನಮ್ಮ ಮುಖಕ್ಕೆ ಬಿದ್ದವು. ಒಂದು ಕೆಂಡದ ಚೂರು ಮೇಲಿನಿಂದ ಬಂದು ಒದ್ದೆ ಉಪ್ಪಿನ ಮೂಟೆಯ ಮೇಲೆ ಚುಂಯ್ ಎಂದು ಆರಿತು. ನಾನು ಕಿವಿ ಮುಚ್ಚಿಕೊಂಡು ಮಾವನ ಕಾಲು ತಬ್ಬಿದ್ದೆ. ಅಕ್ಕ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು. ಏನು ಕೂಗಿದಳೋ, ಒಂದಕ್ಷರ ಕೇಳಿಸಲಿಲ್ಲ.

ರೈಲು ದಾಟಿ ಹೋದಾಗ ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತ ಗಾರ್ಡು ಕೆಳಗೆ ನಮ್ಮನ್ನು ಕಂಡು ಕೈಯಲ್ಲಿದ್ದ ದೀಪವನ್ನು ಒಮ್ಮೆ ಆಡಿಸಿದರು. ಅಪ್ಪ ಗಳ ಬಿಡುವಂತಿರಲಿಲ್ಲ, ತಲೆ ಆಡಿಸಿದರು.

ಆಮೇಲೆ ನಾವು ಮನೆಗೆ ಮುಟ್ಟಿದ್ದು ಯಾವಾಗ ಎಂದು ನನಗೆ ತಿಳಿಯದು, ನಿದ್ದೆ ಹೋಗಿದ್ದೆ. ಬೆಳಿಗ್ಗೆ ಎದ್ದಾಗ ಅಮ್ಮ ಅಪ್ಪನ ಅಂಗೈಗಳಿಗೆ ತೆಂಗಿನೆಣ್ಣೆ ಹಚ್ಚುತ್ತಿದ್ದರು. ಅಂಗೈ ತುಂಬ ಬೊಬ್ಬೆ. "ಖರ್ಚಿಲ್ಲದೆ ತೋರಿಸ್ತೇನೆ ಅಂದ್ರಿ" ಎಂದು ಅಮ್ಮ ಬೈದರು. ಅಪ್ಪ ನಗುತ್ತಿದ್ದರು.

ಅಕ್ಕನಿಗೆ ಅಂದು ಹೊಟ್ಟೆನೋವು ಬರಲಿಲ್ಲ. ಗಂಟೆ ಬಾರಿಸುವ ಮೊದಲೇ ಶಾಲೆಯಲ್ಲಿದ್ದಳು. ಹುಡುಗಿಯರು ರೈಲಿನ ಆಟಕ್ಕೆ ಸಾಲು ನಿಂತಾಗ ಮುಂದೆ ಹೋಗಿ, "ನೀವು ನೋಡಿದ್ದು ರೈಲಿನ ಮೋರೆ. ನಾನು ಹೊಟ್ಟೆ ನೋಡಿ ಬಂದಿದ್ದೇನೆ" ಎಂದು ಹೇಳಿ, ಆರಿದ ಕೆಂಡದ ಚೂರನ್ನು ಅಂಗೈಯಲ್ಲಿ ತೋರಿಸಿದಳು. ಹುಡುಗಿಯರೆಲ್ಲ ಸಾಲು ಬಿಟ್ಟು ಅವಳ ಅಂಗೈಯ ಸುತ್ತ ಬಗ್ಗಿದರು. ಆಮೇಲೆ ಒಬ್ಬಳು ಮೆಲ್ಲನೆ, "ಹೊಟ್ಟೆಯಲ್ಲಿ ಎಂತ ಉಂಟು?" ಎಂದು ಕೇಳಿದಳು. ಆ ದಿನದಿಂದ ಆ ಆಟದಲ್ಲಿ ಅಕ್ಕನೇ ಇಂಜಿನು.

ಈಗ ನಿಮ್ಮ ಬಂಟ್ವಾಳಕ್ಕೂ ರೈಲು ಬಂದಿದೆ. ರಜೆ ಬಂದರೆ ನೀವು ಮಾಲು ಎನ್ನುತ್ತೀರಿ, ನೀರಿನ ಆಟದ ಪಾರ್ಕು ಎನ್ನುತ್ತೀರಿ. ಹೋಗಿ, ಬೇಡ ಎನ್ನುವವನು ನಾನಲ್ಲ. ಆ ಜಾರುಬಂಡಿಯಲ್ಲಿ ನಾನೂ ಒಮ್ಮೆ ಜಾರಿದ್ದೇನೆ, ನಿಮ್ಮ ಅಜ್ಜಿಗೆ ಹೇಳಬೇಡಿ. ಆದರೆ ಹೋದ ರಜೆಯಲ್ಲಿ ನಾವೆಲ್ಲ ರೈಲಿನಲ್ಲಿ ಹೋಗುವಾಗ, ಆ ಹೊಳೆಯ ಸೇತುವೆ ಬಂದದ್ದೇ, ಲಾಯಿಲದಿಂದ ಬಂದಿದ್ದ ನನ್ನ ಅಕ್ಕ ಕಿಟಕಿಯ ಸರಳಿಗೆ ಹಣೆ ಒತ್ತಿ ಕೆಳಗೆ ನೋಡಿದಳಲ್ಲ, ನೆನಪುಂಟೋ? ನಿಮ್ಮಲ್ಲಿ ಚಿಕ್ಕವಳು ಫೋನು ಬದಿಗಿಟ್ಟು, ಎಂತ ನೋಡುದು ದೊಡ್ಡಜ್ಜಿ ಎಂದು ಕೇಳಿದಳು.

"ದೋಣಿ ಉಂಟಾ ಅಂತ ನೋಡ್ತೇನೆ. ಅಪ್ಪ ಗಳ ಊರಿ ನಿಂತಿರ್ತಾರೆ ಅಂತ ಕಾಣ್ತದೆ ನನಗೆ, ಪ್ರತಿ ಸಲವೂ" ಎಂದಳು ಅಕ್ಕ.

ಕೆಳಗೆ ಮೀನಿನ ಬಲೆಯ ಒಂದು ಸಣ್ಣ ದೋಣಿ ಇತ್ತು. ಅದರಲ್ಲಿ ಯಾರೋ ತಲೆಯೆತ್ತಿ ನೋಡುತ್ತಿದ್ದರು. ಚಿಕ್ಕವಳು ಸರಳಿನಿಂದ ಹೊರಗೆ ಕೈ ಹಾಕಿ ಆಡಿಸಿದಳು.

"ಅಜ್ಜಾ, ಅವರಿಗೆ ಈಗ ನಮ್ಮ ರೈಲಿನ ಹೊಟ್ಟೆ ಕಾಣ್ತದಾ?"

"ಕಾಣ್ತದೆ ಮಗಾ" ಎಂದೆ. "ಚೆನ್ನಾಗಿ ಕಾಣ್ತದೆ."